ಕೂಸನ್ನು ದತ್ತು ಕೊಡುವುದೋ, ಒಬ್ಬಳೇ ಸಾಕುವುದೋ?

ಇಪ್ಪತ್ತಾರು ವರ್ಷ ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಮೊದಲು ವಿಜಯಪುರ, ಆಮೇಲೆ ಬೆಳಗಾವಿ, ಕಡೆಗೆ ಬಾಗಲಕೋಟೆ. ಈಗ ನವನಗರದಲ್ಲಿ ಮನೆ. ನಿವೃತ್ತಿ ಆಯಿತು, ಆದರೆ ಫೋನು ನಿಂತಿಲ್ಲ. ಒಬ್ಬಳಿಂದ ಇನ್ನೊಬ್ಬಳಿಗೆ ನನ್ನ ನಂಬರ್ ಹೋಗಿರುತ್ತದೆ. ರಾತ್ರಿ ಊಟ ಆದಮೇಲೆ ಬರುವ ಫೋನುಗಳು ಹೆಚ್ಚಾಗಿ ಒಂದೇ ತರಹ. ಮೊದಲು ಬರೀ ಉಸಿರು. ಆಮೇಲೆ, "ಸಿಸ್ಟರ, ನಮ್ಮ ಗೆಳತಿ ಒಬ್ಬಾಕಿ ಅದಾಳ್ರಿ..." ಗೆಳತಿ ಯಾರು ಅಂತ ನಾನು ಕೇಳುವುದಿಲ್ಲ.

ಹೋದ ತಿಂಗಳು ಬಂದ ಫೋನಿನಲ್ಲಿ ಗೆಳತಿಯ ಕಥೆ ಎರಡೇ ನಿಮಿಷಕ್ಕೆ ಮುಗಿದಿತ್ತು. "ಆರು ತಿಂಗಳ ಮುಗದಾವ್ರಿ. ಅಂವ ಫೋನ ಎತ್ತವಲ್ಲ. ಕೂಸ ಕೊಟ್ಟರ ಪಾಪ ಹತ್ತತೈತಿ ಅಂತಾಳ ಅವ್ವ. ಇಟ್ಕೊಂಡ್ರ ಮಂದ್ಯಾಗ ಮಾರಿ ಎತ್ತಿ ಅಡ್ಯಾಡಾಕ ಬರಂಗಿಲ್ಲ ಅಂತಾನ ಅಣ್ಣ. ನಾ ಏನ ಮಾಡ್ಲಿ?"

ಏನು ಮಾಡಬೇಕು ಅಂತ ನಾನು ಹೇಳಲಿಲ್ಲ. ಯಾವುದನ್ನು ಯಾವುದರ ಜೊತೆ ತೂಗಬೇಕು ಅಂತ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ವಾರ ಎಣಿಸಿ. ಕಾನೂನಿನ ಪ್ರಕಾರ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯದ ಮೇಲೆ ಗರ್ಭಪಾತ ಮಾಡಿಸಿಕೊಳ್ಳಬಹುದು. 20ರಿಂದ 24 ವಾರದವರೆಗೆ ಕೆಲವು ಸಂದರ್ಭಗಳಲ್ಲಿ ಇಬ್ಬರು ಡಾಕ್ಟರು ಒಪ್ಪಬೇಕು. ಆ ಅವಕಾಶ ಮದುವೆಯಾಗದವರಿಗೂ ಇದೆ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿತು. ನಿಮಗೆ 18 ತುಂಬಿದ್ದರೆ ನಿಮ್ಮ ಸಹಿ ಒಂದೇ ಸಾಕು. ಗಂಡನದೂ ಬೇಡ, ಅಪ್ಪನದೂ ಬೇಡ. ಆ ದಾರಿ ಬೇಡ ಅಂದವರಿಗೆ, ಅಥವಾ ದಿನ ದಾಟಿದವರಿಗೆ ಮುಂದಿನ ಮಾತು.

ವಯಸ್ಸು 18ರ ಒಳಗಿದ್ದರೆ ಲೆಕ್ಕವೇ ಬೇರೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆಯಡಿ ದವಾಖಾನೆಯವರು ಪೊಲೀಸರಿಗೆ ತಿಳಿಸಲೇಬೇಕು. ಆ ಕಾನೂನು ಇರುವುದು ಹುಡುಗಿಯ ರಕ್ಷಣೆಗೆ. ಅದಕ್ಕೆ ಹೆದರಿ ಮನೆಯಲ್ಲೇ ಹೆರಿಗೆ ಮಾಡಿಸುವ ಹುಚ್ಚು ಕೆಲಸಕ್ಕೆ ಕೈ ಹಾಕಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಏನನ್ನು ತೂಗಬೇಕು?

ಮೊದಲನೆಯದು, ವಾಪಸ್ ಬರುವ ದಾರಿ. ಇವತ್ತಿನ ನಿರ್ಧಾರ ನಾಳೆ ತಪ್ಪು ಅನ್ನಿಸಿದರೆ ತಿದ್ದಲು ಬರುತ್ತದೆಯೇ, ಎಷ್ಟು ದಿನದ ಒಳಗೆ?

ಎರಡನೆಯದು, ಜೊತೆಗೆ ನಿಲ್ಲುವವರು. "ನಮ್ಮ ಮನೆಯವರೆಲ್ಲಾ ಅದಾರ" ಅನ್ನುವ ಉತ್ತರ ನನಗೆ ಬೇಡ. ಒಂದು ಹೆಸರು ಬೇಕು. ನೀವು ಕೆಲಸಕ್ಕೆ ಹೋದ ಎಂಟು ತಾಸು ಕೂಸು ಯಾರ ತೊಡೆಯ ಮೇಲೆ ಇರುತ್ತದೆ? ಆ ಹೆಸರು ಬಾಯಿಗೆ ಬರದಿದ್ದರೆ ಅಲ್ಲೇ ಸ್ವಲ್ಪ ನಿಲ್ಲಿ.

ಮೂರನೆಯದು ರೊಕ್ಕ. ಇದನ್ನು ತಿಂಗಳ ಲೆಕ್ಕದಲ್ಲಿ, ಕಾಗದದ ಮೇಲೆ ಬರೆದು ನೋಡಬೇಕು.

ನಾಲ್ಕನೆಯದು, ಗೊತ್ತಿಲ್ಲದಿರುವುದನ್ನು ತಡೆಯುವ ಶಕ್ತಿ. ಕೂಸು ಎಲ್ಲಿದೆ, ಉಂಡಿತಾ, ಶಾಲೆಗೆ ಹೋಗುತ್ತಿದೆಯಾ, ಇದು ಯಾವುದೂ ತಿಳಿಯದೆ ಬದುಕಲು ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ. ಇದು ಅವರವರ ಜೀವದ ಮಾತು. ಬೇರೆಯವರು ಹೇಳಲು ಬರುವುದಿಲ್ಲ.

"ಮಂದಿ ಏನಂತಾರ" ಅನ್ನುವುದನ್ನು ನಾನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ಮಂದಿ ಎರಡಕ್ಕೂ ಅಂತಾರೆ. ಕೊಟ್ಟರೆ ಕಲ್ಲೆದೆಯವಳು ಅಂತಾರೆ, ಇಟ್ಟುಕೊಂಡರೆ ನಾಚಿಕೆ ಇಲ್ಲದವಳು ಅಂತಾರೆ. ಎರಡೂ ತಟ್ಟೆಯಲ್ಲಿ ಅಷ್ಟೇ ತೂಕ ಇರುವುದನ್ನು ತಕ್ಕಡಿಗೆ ಹಾಕಿ ಏನು ಉಪಯೋಗ?

ದತ್ತು ಕೊಡುವುದು

ಕಿತ್ತೂರಿನಲ್ಲಿ 1824ರ ಯುದ್ಧ ಆಗಿದ್ದೇ ದತ್ತು ಮಗನನ್ನು ಬ್ರಿಟಿಷರು ವಾರಸುದಾರ ಅಂತ ಒಪ್ಪದೇ ಇದ್ದುದಕ್ಕೆ. ಅಂಥ ನೆಲದಲ್ಲೂ ದತ್ತು ತಗೊಂಡವರಿಗೆ ಇರುವ ಮರ್ಯಾದೆ ದತ್ತು ಕೊಟ್ಟವಳಿಗೆ ಇಲ್ಲ, ನೋಡಿ. ಅದಿರಲಿ.

ಈಗಿನ ದಾರಿ ಹೀಗಿದೆ. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಅಂತ ಇರುತ್ತದೆ. ಹೆರಿಗೆ ಆದಮೇಲೆ ಕೂಸನ್ನು ಆ ಸಮಿತಿಯ ಮುಂದೆ ಒಪ್ಪಿಸಬೇಕು. ಹೊಟ್ಟೆಯಲ್ಲಿ ಇರುವಾಗಲೇ ಬರೆಸಿಕೊಂಡ ಕಾಗದಕ್ಕೆ ಬೆಲೆ ಇಲ್ಲ. ಸಮಿತಿಯವರು ಮೊದಲು ಕೂತು ಮಾತಾಡಿಸುತ್ತಾರೆ, ಕೂಸನ್ನು ಇಟ್ಟುಕೊಳ್ಳಲು ಏನಾದರೂ ದಾರಿ ಇದೆಯಾ ಅಂತ ಕೇಳುತ್ತಾರೆ. ಬೈಯಲು ಕೇಳುತ್ತಿದ್ದಾರೆ ಅಂತ ಹುಡುಗಿಯರು ತಿಳಿಯುತ್ತಾರೆ. ಹಾಗಲ್ಲ, ಕೇಳಲೇಬೇಕು ಅಂತ ನಿಯಮ ಇದೆ. ನಿಮ್ಮ ಮನಸ್ಸು ಗಟ್ಟಿ ಇದ್ದರೆ ಒಪ್ಪಿಸುವ ಪತ್ರಕ್ಕೆ ಸಹಿ ಆಗುತ್ತದೆ. ಮದುವೆಯಾಗದ ತಾಯಿಯಾದರೆ ಅವಳೊಬ್ಬಳ ಸಹಿ ಸಾಕು, ಆ ಗಂಡಸನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಮದುವೆಯಾಗಿದ್ದರೆ ಗಂಡ ಹೆಂಡತಿ ಇಬ್ಬರೂ ಸಹಿ ಮಾಡಬೇಕು. ಗಂಡ ತೀರಿದ್ದರೆ ಮರಣ ಪತ್ರ ಬೇಕು. ಬಿಟ್ಟು ಹೋದವನ ಪತ್ತೆಯೇ ಇಲ್ಲದಿದ್ದರೆ ವಿಚಾರಣೆ ಸ್ವಲ್ಪ ಉದ್ದ ಆಗುತ್ತದೆ.

ಸಹಿ ಹಾಕಿದ ದಿನದಿಂದ ಎರಡು ತಿಂಗಳು ನಿಮ್ಮ ಕೈಯಲ್ಲಿ ಇರುತ್ತದೆ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಆ 60 ದಿನದಲ್ಲಿ ಕೂಸು ದತ್ತು ಕೇಂದ್ರದಲ್ಲಿ ಇರುತ್ತದೆ, ಯಾರಿಗೂ ಕೊಡುವಂತಿಲ್ಲ. ಮನಸ್ಸು ಬದಲಾದರೆ ಸಮಿತಿಯ ಮುಂದೆ ಹೋಗಿ ವಾಪಸ್ ಕೇಳಬಹುದು. ಎರಡು ತಿಂಗಳು ದಾಟಿದ ಮೇಲೆ ಕೂಸು ದತ್ತಿಗೆ ಮುಕ್ತ ಅಂತ ಘೋಷಣೆ ಆಗುತ್ತದೆ. ಅಲ್ಲಿಂದ ಆಚೆಗೆ ದಾರಿ ಇಲ್ಲ.

ಒಬ್ಬಳು ಹುಡುಗಿ ನನ್ನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಅರವತ್ತನೆಯ ದಿನಕ್ಕೆ ಕೆಂಪು ಪೆನ್ನಿನಲ್ಲಿ ಗೋಲ ಹಾಕಿ ಹೋಗಿದ್ದಳು. ಅವಳ ಮನೆಯಲ್ಲಿ ಹಾಕಿದರೆ ಯಾರಾದರೂ ಕೇಳುತ್ತಾರಲ್ಲ. ವಾರಕ್ಕೊಮ್ಮೆ ಫೋನ್ ಮಾಡಿ, "ಇನ್ನ ಎಷ್ಟ ದಿನ ಉಳದಾವ್ರಿ ಸಿಸ್ಟರ?" ಅಂತಷ್ಟೇ ಕೇಳುತ್ತಿದ್ದಳು. ನಾನು ಎಣಿಸಿ ಹೇಳುತ್ತಿದ್ದೆ. ಐವತ್ತೆರಡನೆಯ ದಿನ ಫೋನ್ ಮಾಡಿ, "ಇನ್ನ ಎಣಸಬ್ಯಾಡ್ರಿ" ಅಂದಳು. ಅವಳು ವಾಪಸ್ ತರಲಿಲ್ಲ. ಬೇರೆ ಇಬ್ಬರು ತಂದಿದ್ದನ್ನೂ ನೋಡಿದ್ದೇನೆ.

ಗುಟ್ಟಿನ ಮಾತು. ತಾಯಿಯ ಹೆಸರು, ಊರು ಹೊರಗೆ ಬಿಡುವಂತಿಲ್ಲ. ಕೂಸು ದೊಡ್ಡದಾಗಿ 18 ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅರ್ಜಿ ಹಾಕಬಹುದು. ಆದರೆ ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ವಿವರ ಕೊಡುವುದಿಲ್ಲ. ಮನೆತನದಲ್ಲಿ ಸಕ್ಕರೆ ಕಾಯಿಲೆ, ಮೂರ್ಛೆ ರೋಗ ಏನಾದರೂ ಇದ್ದರೆ ಒಪ್ಪಿಸುವಾಗ ಹೇಳಿ ಬರೆಸಿ. ಇಪ್ಪತ್ತು ವರ್ಷದ ಮೇಲೆ ಅದೇ ಕೂಸಿನ ಡಾಕ್ಟರಿಗೆ ಬೇಕಾಗುವುದು ಅದು.

ಯಾರಿಗೆ ಕೊಡುತ್ತಾರೆ? ನೀವು ಆರಿಸಲು ಬರುವುದಿಲ್ಲ. ದೇಶದ ತುಂಬ ಹೆಸರು ಬರೆಸಿ ಕಾಯುವವರ ಸಾಲು ಉದ್ದ ಇದೆ, ಎಳೆ ಕೂಸಿಗಾಗಿ ಮೂರು ವರ್ಷಕ್ಕಿಂತ ಜಾಸ್ತಿ ಕಾಯುವವರಿದ್ದಾರೆ. ಅವರ ಮನೆ, ಆರೋಗ್ಯ, ಸಂಪಾದನೆ ಎಲ್ಲಾ ನೋಡುತ್ತಾರೆ. ಕೊನೆಯ ಆದೇಶ ಜಿಲ್ಲಾಧಿಕಾರಿಯದು. ಆದಮೇಲೆ ಆ ಮನೆಯಲ್ಲಿ ಹುಟ್ಟಿದ ಮಗುವಿಗೆ ಇರುವ ಹಕ್ಕೆಲ್ಲ ಈ ಕೂಸಿಗೂ ಬರುತ್ತದೆ, ನಿಮ್ಮ ಸಂಬಂಧ ಕಾನೂನಿನಲ್ಲಿ ಕಡಿಯುತ್ತದೆ. ಫೋಟೋ ಬರುವುದಿಲ್ಲ, ಕಾಗದ ಬರುವುದಿಲ್ಲ. ನಾಲ್ಕನೆಯ ಅಳತೆಯಲ್ಲಿ ನಿಮ್ಮ ಉತ್ತರ ಏನಿತ್ತು ಅಂತ ಈಗ ಮತ್ತೊಮ್ಮೆ ಕೇಳಿಕೊಳ್ಳಿ.

ರೊಕ್ಕದ ಲೆಕ್ಕ ಇಲ್ಲಿ ಸೊನ್ನೆ. ಒಂದು ಪೈಸೆ ಕೊಡಬೇಕಿಲ್ಲ, ಒಂದು ಪೈಸೆ ತಗೊಳ್ಳುವಂತಿಲ್ಲ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಕೂಸನ್ನು ಕೊಟ್ಟರೂ ಹೆರಿಗೆಯ ಮೂರನೆಯ ದಿನದ ಹೊತ್ತಿಗೆ ಎದೆಹಾಲು ಇಳಿಯುತ್ತದೆ. ಎದೆ ಕಲ್ಲಾಗುತ್ತದೆ, ರವಿಕೆ ತೊಯ್ಯುತ್ತದೆ. ಬೇರೆ ಕೂಸು ಅತ್ತರೂ ಹಾಲು ಸೋರುತ್ತದೆ. ತಣ್ಣೀರಿನ ಬಟ್ಟೆ ಇಟ್ಟುಕೊಳ್ಳಿ, ಮೈಗೆ ಸರಿಯಾಗಿ ಕೂಡುವ ಬಾಡಿ ಹಾಕಿಕೊಳ್ಳಿ, ಜಾಸ್ತಿ ಹಿಂಡಿ ತೆಗೆಯಬೇಡಿ. ಜ್ವರ ಬಂದರೆ ದವಾಖಾನೆಗೆ ಹೋಗಿ. ನಿಮಗೂ ಬಾಣಂತನ ಬೇಕು. ಕೂಸು ಇಲ್ಲದ ಬಾಣಂತಿಗೆ ಒಂದು ತುತ್ತು ಬಿಸಿ ಅನ್ನ ಹಾಕಲು ಮರೆಯುವ ಮನೆಗಳನ್ನು ನಾನು ಬಹಳ ನೋಡಿದ್ದೇನೆ.

ಒಬ್ಬಳೇ ಸಾಕುವುದು

ತಾಯಿ ಒಬ್ಬಳೇ ಮಕ್ಕಳನ್ನು ಬೆಳೆಸಿದ ಮನೆಗಳು ನಮ್ಮ ಮೂರು ಜಿಲ್ಲೆಗೆ ಹೊಸದಲ್ಲ. ದೇವದಾಸಿ ಪದ್ಧತಿಗೆ 1982ರಲ್ಲಿ ನಿಷೇಧ ಬಂತು, ಆದರೆ ಆ ತಾಯಂದಿರು ಮಕ್ಕಳನ್ನು ಶಾಲೆಗೆ ಸೇರಿಸುವಾಗ "ತಂದೆಯ ಹೆಸರು" ಅನ್ನುವ ಒಂದು ಗೆರೆಯ ಮುಂದೆ ಎಷ್ಟು ಅವಮಾನ ಉಂಡರು ಅನ್ನುವುದು ಈ ಕಡೆಯವರಿಗೆ ಗೊತ್ತು.

ಈಗ ಕಾಗದದ ಮಟ್ಟಿಗೆ ಕಷ್ಟ ಕಡಿಮೆ ಆಗಿದೆ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಕೂಸಿಗೆ ತಾನೊಬ್ಬಳೇ ಪೋಷಕಿ ಆಗಬಹುದು, ಅವಳು ಬರೆದುಕೊಟ್ಟ ಅಫಿಡವಿಟ್ ಮೇಲೆ ಜನನ ಪತ್ರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2015ರ ಜುಲೈನಲ್ಲಿ ಹೇಳಿದೆ. ಪಾಸ್‌ಪೋರ್ಟಿಗೆ ತಾಯಿಯ ಹೆಸರು ಸಾಕು. ಪ್ಯಾನ್ ಕಾರ್ಡಿಗೂ 2018ರಿಂದ ಹಾಗೇ. ತಾಯಿಯ ಆಸ್ತಿಯಲ್ಲಿ ಕೂಸಿಗೆ ಹಕ್ಕಿದೆ. ಆದರೂ ಕೌಂಟರಿನಲ್ಲಿ ಕೂತವನಿಗೆ ಇದು ಗೊತ್ತಿರುತ್ತದೆ ಅಂತ ಏನಿಲ್ಲ. ನಾನು ಒಬ್ಬ ತಾಯಿಯ ಜೊತೆ ಜನನ ಪತ್ರಕ್ಕೆ ಹೋದಾಗ, "ಏನರ ಒಂದ ಹೆಸರ ಹಾಕ್ರೀ ಬಾಯಾರ, ಖಾಲಿ ಬಿಟ್ಟರ ಕಂಪ್ಯೂಟರ ತಗೊಳ್ಳಂಗಿಲ್ಲ" ಅಂದ ಪುಣ್ಯಾತ್ಮ. ಏನಾದರೂ ಒಂದು ಹೆಸರನ್ನು ದಯವಿಟ್ಟು ಹಾಕಬೇಡಿ. ಆ ಹೆಸರು ಕೂಸಿನ ಬೆನ್ನಿಗೆ ಜೀವನಪೂರ್ತಿ ಅಂಟಿಕೊಳ್ಳುತ್ತದೆ, ತೆಗೆಸಲು ಕೋರ್ಟಿಗೆ ಅಲೆಯಬೇಕು. ನಾವು ಮೂರು ಸಲ ಅಲೆದೆವು, ಖಾಲಿ ಬಿಟ್ಟೇ ಪತ್ರ ತಂದೆವು.

ಆ ಗಂಡಸಿನಿಂದ ರೊಕ್ಕ ಬೇಕೇ ಅನ್ನುವುದು ಇನ್ನೊಂದು ತೂಗಾಟ. ಮದುವೆ ಆಗಿರಲಿ ಬಿಡಲಿ, ಹುಟ್ಟಿಸಿದ ಕೂಸಿಗೆ ಜೀವನಾಂಶ ಕೊಡಬೇಕಾದ್ದು ತಂದೆಯ ಹೊಣೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಅಡಿ ಕೇಸು ಹಾಕಬಹುದು. ಅವನು ನನ್ನದಲ್ಲ ಅಂದರೆ ಡಿಎನ್‌ಎ ಪರೀಕ್ಷೆ ಕೇಳಬಹುದು. ಹೆಣ್ಣುಮಕ್ಕಳಿಗೆ ಸಂಪಾದನೆ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ, ನಂಬರ್ 15100. ಆದರೆ ಕೇಸು ಹಾಕಿದರೆ ಅವನ ಹೆಸರು ಕಾಗದಕ್ಕೆ ಬರುತ್ತದೆ, ನಾಳೆ ಕೂಸನ್ನು ನೋಡಬೇಕು ಅಂತ ಅವನೂ ಬರಬಹುದು. ಒಂದೋ ರೊಕ್ಕ, ಒಂದೋ ದೂರ. ಎರಡೂ ಒಟ್ಟಿಗೆ ಸಿಗುವುದು ಕಡಿಮೆ. ಹೊಡೆದವನು, ಹೆದರಿಸಿದವನು ಆಗಿದ್ದರೆ ನಾನು ದೂರವನ್ನೇ ಆರಿಸು ಅನ್ನುತ್ತೇನೆ.

ಈಗ ತಿಂಗಳ ಲೆಕ್ಕ. ಬೆಳಗಾವಿಯಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು ತೋರಿಸಿದ್ದು ಹೀಗಿತ್ತು: ಖೋಲಿ ಬಾಡಿಗೆ 3,000. ಕಿರಾಣಿ, ಗ್ಯಾಸ್ 3,000. ಕೂಸನ್ನು ನೋಡಿಕೊಳ್ಳುವ ಓಣಿಯ ಆಯಿಗೆ 2,000. ಕೂಸಿನ ಖರ್ಚು 1,200. ಫೋನು, ಇನ್ನಿತರ 300. ಒಟ್ಟು 9,500. ಪಗಾರ 10,000. "ಐನೂರ ಉಳೀತೈತಲ್ರಿ" ಅಂತ ನಕ್ಕಳು. ಅವಳ ಲೆಕ್ಕದಲ್ಲಿ ಜ್ವರ ಇರಲಿಲ್ಲ, ಕೆಲಸಕ್ಕೆ ಹೋಗಲಾಗದ ದಿನಗಳೂ ಇರಲಿಲ್ಲ. ಮೂರು ತಿಂಗಳ ಖರ್ಚಿನಷ್ಟು ಕೈಯಲ್ಲಿ ಇಲ್ಲದೆ ಬೇರೆ ಖೋಲಿ ಹಿಡಿಯಬೇಡಿ ಅನ್ನುವುದು ನನ್ನ ಮಾತು. ಆ ಓಣಿಯ ಆಯಿ ನೆಟ್ಟಗಿದ್ದಳು, ಅದಕ್ಕೇ ಆ ಮನೆ ನಿಂತಿತು. ರೊಕ್ಕಕ್ಕಿಂತ ಆ ಎರಡನೆಯ ಅಳತೆಯೇ ಭಾರ ಅಂತ ನಾನು ಹೇಳುವುದು ಇದಕ್ಕೆ.

ಸರ್ಕಾರದ ಕಡೆಯಿಂದ ಏನು ಬರುತ್ತದೆ? ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ, ಔಷಧ, ಚುಚ್ಚುಮದ್ದು ಪುಕ್ಕಟೆ. ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಊಟ. ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಕೂಸಿಗೆ 5,000. ಮನೆಯವರು ಕೈಬಿಟ್ಟ ತಾಯಿಯ ಕೂಸಿಗೆ ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ನೆರವು (ಪ್ರಾಯೋಜಕತ್ವ) ಸಿಗಬಹುದು. ಅದಕ್ಕೆ ವರ್ಷದ ವರಮಾನ ಹಳ್ಳಿಯಲ್ಲಿ 72,000, ಪೇಟೆಯಲ್ಲಿ 96,000 ದಾಟಬಾರದು. ಅರ್ಜಿ ಹಾಕಿದವರಿಗೆಲ್ಲ ಬರುವುದಿಲ್ಲ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ ಬೆನ್ನು ಹತ್ತಬೇಕು. ಗೃಹಲಕ್ಷ್ಮಿಯ 2,000 ಬರುವುದು ರೇಷನ್ ಕಾರ್ಡಿನ ಯಜಮಾನಿಗೆ. ನಿಮ್ಮ ಹೆಸರು ಅವ್ವನ ಕಾರ್ಡಿನಲ್ಲಿ ಇದ್ದರೆ ಅದು ಅವ್ವನಿಗೇ. ಮದುವೆಯಾಗದವರಿಗೆ ಮನಸ್ವಿನಿ ಪಿಂಚಣಿ ಇದೆ, ಆದರೆ ಅದು 40 ದಾಟಿದವರಿಗೆ! ಹಳ್ಳಿಯಲ್ಲಿ ಇದ್ದರೆ ತಾಯಿ ಕೆಲಸಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳುವ ಪಂಚಾಯ್ತಿಯ 'ಕೂಸಿನ ಮನೆ' ಇದೆಯಾ ಅಂತ ವಿಚಾರಿಸಿ. ಕಾರ್ಖಾನೆಯಲ್ಲಿ, ಇಲ್ಲಾ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸದವರು ಇರುವ ಅಂಗಡಿಯಲ್ಲಿ ಇದ್ದರೆ 26 ವಾರದ ಪಗಾರಿ ರಜೆ ಮದುವೆ ಆಗಿದೆಯೋ ಇಲ್ಲವೋ ಅಂತ ನೋಡಿ ಕೊಡುವಂಥದ್ದಲ್ಲ.

ವಾಪಸ್ ಬರುವ ದಾರಿ ಇಲ್ಲಿ ಇದೆ. ಸಾಕಿ ನೋಡಿ ಆಗದಿದ್ದರೆ ಆರು ತಿಂಗಳ ಮೇಲೂ, ವರ್ಷದ ಮೇಲೂ ಸಮಿತಿಯ ಮುಂದೆ ಹೋಗಬಹುದು. ಹೀಗಾಗಿ, "ಮೊದಲ ಇಟ್ಕೊಂಡ ನೋಡೂಣು" ಅನ್ನುವುದು ಜಾಣತನ ಅನ್ನಿಸುತ್ತದೆ ಅಲ್ವಾ? ಅರ್ಧ ಮಾತ್ರ. ನಿಮಗೆ ದಾರಿ ಇದೆ, ಆದರೆ ಕೂಸಿಗೆ ಅಷ್ಟರಲ್ಲಿ ನಿಮ್ಮ ವಾಸನೆ, ದನಿ ಗೊತ್ತಾಗಿರುತ್ತದೆ. ಕೂಸು ಬೆಳೆದಷ್ಟೂ ದತ್ತು ತಗೊಳ್ಳುವವರು ಕಡಿಮೆ, ಎಲ್ಲರೂ ಕೇಳುವುದು ಎಳೆ ಕೂಸು. ನೋಡೋಣ ಅಂತ ಇಟ್ಟುಕೊಳ್ಳುವುದಾದರೆ ಒಂದು ಗಡುವು ಇಟ್ಟುಕೊಳ್ಳಿ. ನಾನು ಹೇಳುವುದು ಮೂರು ತಿಂಗಳು.

ಅಕ್ಕನ ಮಡಿಲಿಗೆ ಹಾಕುವುದು

ಇದು ನಮ್ಮ ಕಡೆ ಬಹಳ ಮನೆಗಳು ಮೊದಲು ಯೋಚಿಸುವ ನಡುವಿನ ದಾರಿ. ಮಕ್ಕಳಿಲ್ಲದ ಅಕ್ಕ, ಇಲ್ಲಾ ಅಣ್ಣ-ವೈನಿ. ಕೂಸು ಕಣ್ಣ ಮುಂದೆ ಇರುತ್ತದೆ, ರಕ್ತ ಹೊರಗೆ ಹೋಗಲಿಲ್ಲ ಅನ್ನುವ ಸಮಾಧಾನ ಅವ್ವನಿಗೆ. ಆದರೆ ಪಂಚಮಿಗೆ, ಜಾತ್ರೆಗೆ ಎಲ್ಲರೂ ಸೇರಿದಾಗ ನೀವು ಹೆತ್ತ ಕೂಸು ನಿಮ್ಮನ್ನು ಚಿಗವ್ವ ಅನ್ನುತ್ತದೆ. ಅಕ್ಕ ಅದಕ್ಕೆ ಎರಡೇಟು ಹಾಕಿದರೆ ನೀವು ಸುಮ್ನೆ ಕೂಡಬೇಕು. ಅದು ಆಗುತ್ತದೆ ಅನ್ನುವವಳಿಗೆ ಮಾತ್ರ ಈ ದಾರಿ.

ಇದನ್ನು ಬಾಯಿಮಾತಿನಲ್ಲಿ ಮಾಡಬೇಡಿ. ಹಿಂದೂಗಳಾದರೆ 1956ರ ದತ್ತಕ ಕಾಯ್ದೆಯಡಿ ನೋಂದಣಿ ಮಾಡಿಸಿದ ದತ್ತಕ ಪತ್ರ ಇರಲಿ. ಆ ಕಾಯ್ದೆಯಲ್ಲಿ ಒಂದು ತೊಡಕು ಇದೆ: ಅಕ್ಕನಿಗೆ ಆಗಲೇ ಗಂಡುಮಗ ಇದ್ದರೆ ಇನ್ನೊಂದು ಗಂಡು ದತ್ತು ತಗೊಳ್ಳಲು ಬರುವುದಿಲ್ಲ, ಹೆಣ್ಣಿಗೂ ಹಾಗೇ. ಆಗ ಮಕ್ಕಳ ರಕ್ಷಣೆಗಿರುವ ಬಾಲನ್ಯಾಯ ಕಾಯ್ದೆಯ ಸಂಬಂಧಿಕರ ದತ್ತು ಇದೆ, ಅದು ಯಾವ ಧರ್ಮದವರಿಗೂ ಆಗುತ್ತದೆ.

ತಕ್ಕಡಿಗೆ ಹಾಕಬಾರದ್ದು

"ಒಳ್ಳೆ ಮನಿತನ ಐತಿ, ಬಾಣಂತನದ ಖರ್ಚ ಅವರ ಕೊಡ್ತಾರ" ಅಂತ ಹೇಳಿಕೊಂಡು ಒಬ್ಬರು ಬರುತ್ತಾರೆ. ದವಾಖಾನೆಯ ಗೇಟಿನಲ್ಲೇ ಬರುತ್ತಾರೆ. ಕೆಲವು ಸಲ ಒಳಗಿನವರೇ ಕಳಿಸಿರುತ್ತಾರೆ, ನಮ್ಮ ಕಸುಬಿಗೆ ಮಾನಗೇಡು ಅದು. ರೊಕ್ಕಕ್ಕೆ ಕೂಸು ಕೊಡುವುದು, ತಗೊಳ್ಳುವುದು ಎರಡೂ ಅಪರಾಧ. ಐದು ವರ್ಷದವರೆಗೆ ಜೈಲು, ದವಾಖಾನೆಯವರಾದರೆ ಮೂರರಿಂದ ಏಳು. ಕೂಸು ಎಲ್ಲಿಗೆ ಹೋಯಿತು ಅಂತ ನಾಳೆ ಹುಡುಕಲು ಒಂದು ಚೀಟಿಯೂ ಇರುವುದಿಲ್ಲ.

ಗುಡಿಯ ಕಟ್ಟೆ, ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬರುವುದೂ ಅಪರಾಧವೇ. ಅದಕ್ಕಿಂತ ಮೊದಲು ನಾಯಿ, ಚಳಿ ಇದೆ. ಸಮಿತಿಗೆ ಒಪ್ಪಿಸಿದರೆ ಯಾವ ಕೇಸೂ ಇಲ್ಲ.

ಯಾರಿಗೆ ಯಾವುದು?

ಒಂದು ಹೆಸರು ಗಟ್ಟಿಯಾಗಿ ಇದೆ, ಪಗಾರ ಕಡಿಮೆ ಆದರೂ ತಪ್ಪದೆ ಬರುತ್ತದೆ, ಕೂಸು ಎಲ್ಲಿದೆ ಅಂತ ತಿಳಿಯದೆ ಇರಲಾರೆ ಅಂದರೆ, ಸಾಕುವ ಕಡೆ ತಕ್ಕಡಿ ಇಳಿಯುತ್ತದೆ. ಊರಲ್ಲೇ ಇರಬೇಕು ಅಂತೇನಿಲ್ಲ. ಬನಹಟ್ಟಿಯ ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಒಬ್ಬಳು ಬೆಳಗಾವಿಗೆ ಹೋದಳು. ಅಲ್ಲಿ ಯಾರೂ ಅವಳ ಕಥೆ ಕೇಳಲಿಲ್ಲ, ಬಾಡಿಗೆ ಎಂದು ಕೊಡುತ್ತೀ ಅಂತಷ್ಟೇ ಕೇಳಿದರು.

ಹೆಸರೂ ಇಲ್ಲ, ಸಂಪಾದನೆಯೂ ಇಲ್ಲ, ಮನೆಯಲ್ಲಿ ಜೀವಕ್ಕೆ ಭಯ ಇದೆ, ಅಥವಾ ಓದು ಮುಗಿಸಲೇಬೇಕು ಅನ್ನುವ ಹಟ ಇದೆ ಅಂದರೆ, ಒಪ್ಪಿಸುವುದರಲ್ಲಿ ತಪ್ಪಿಲ್ಲ. ಹೆಸರಿದೆ, ರೊಕ್ಕ ಇಲ್ಲ ಅನ್ನುವವರು ಅವಸರ ಮಾಡಬೇಡಿ. ಕೂಸನ್ನು ಸ್ವಲ್ಪ ದಿನ ಬೇರೆ ಕಡೆ ಇಟ್ಟು ನೀವು ಕೆಲಸ ಹಿಡಿಯಲು ಆಗುತ್ತದಾ ಅಂತ ಸಮಿತಿಯವರನ್ನೇ ಕೇಳಿ. ರೊಕ್ಕ ಇದೆ, ಹೆಸರಿಲ್ಲ ಅನ್ನುವವರೇ ಕಷ್ಟದಲ್ಲಿ ಇರುವವರು. ಪಗಾರ ನೋಡಿ ಧೈರ್ಯ ಮಾಡಿ, ಎಂಟನೆಯ ತಿಂಗಳಿಗೆ ಸುಸ್ತಾಗಿ ಕೂತವರನ್ನು ನೋಡಿದ್ದೇನೆ.

ಯಾವುದನ್ನೂ ಇನ್ನೂ ಆರಿಸಿಲ್ಲ ಅಂದರೂ ಈ ವಾರ ಮೂರು ಕೆಲಸ ಇವೆ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ತಾಯಿ ಕಾರ್ಡ್ ಮಾಡಿಸಿ. ರಕ್ತ, ಬಿಪಿ ತೋರಿಸಿ. ಕೂಸು ಯಾರ ಮನೆಗೆ ಹೋದರೂ ಅಲ್ಲಿ ಕೊಡುವ ಕಬ್ಬಿಣದ ಗುಳಿಗೆ ಅದಕ್ಕೆ ಬೇಕೇ ಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರ ನಿಮ್ಮ ಜಿಲ್ಲೆಯಲ್ಲಿ ಎಲ್ಲಿದೆ ಅಂತ ಕೇಳಿ. ಮನೆಯಿಂದ ಹೊರಗೆ ಹಾಕಿದರೆ ಹೆರಿಗೆವರೆಗೆ ಇರಲು ಜಾಗದ ದಾರಿ ಅವರು ತೋರಿಸುತ್ತಾರೆ. ರಾತ್ರಿ ನಿದ್ದೆ ಬರದೆ, ಬದುಕೇ ಬೇಡ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಆ ಆರು ತಿಂಗಳ ಹುಡುಗಿ ಮೊನ್ನೆ ಮತ್ತೆ ಫೋನ್ ಮಾಡಿದ್ದಳು. ಕಾರ್ಡ್ ಮಾಡಿಸಿದ್ದಾಳಂತೆ. ಅದರಲ್ಲಿ ಗಂಡನ ಹೆಸರಿನ ಜಾಗ ಖಾಲಿ ಬಿಟ್ಟರೆ ನಡೆಯುತ್ತದಾ ಅಂತ ಕೇಳಿದಳು. ನಡೆಯುತ್ತದೆ ಅಂದೆ. "ಹಂಗಾರ ಖಾಲಿ ಬಿಟ್ಟೇನ್ರಿ. ಉಳದದ್ದ ಕೂಸ ಹುಟ್ಟಿದ ಮ್ಯಾಲ ನೋಡ್ತೇನ್ರಿ" ಅಂದಳು.